ಕೂತವರ ತೂಕಕ್ಕೆ ಚೈನು

"ನೋಡಕ್ಕ, ಎಲ್ಲರೂ ಮಾಡೋ ತಪ್ಪು ಇದೇ. ಜಾಕ್ ಕೊಟ್ಟು ಗಾಡಿ ಮೇಲೆತ್ತಿ, ಹಿಂದಿನ ಚಕ್ರ ಗಾಳಿಯಲ್ಲಿ ನೇತಾಡ್ತಿರುವಾಗ ಚೈನ್ ಬಿಗಿ ಮಾಡಿಬಿಡ್ತಾರೆ. ಆಗ ನೋಡೋಕೆ ಚೆನ್ನಾಗೇ ಇರುತ್ತೆ. ಕೆಳಗಿಳಿಸಿ ಒಬ್ಬ ಮನುಷ್ಯ ಮೇಲೆ ಕೂತ ಅನ್ನು, ಸೀಟಿನ ಕೆಳಗಿನ ಶಾಕು, ಅದೇ ಸ್ಪ್ರಿಂಗು, ಕುಗ್ಗುತ್ತೆ, ಚೈನು ತಂತಿ ಥರ ಎಳ್ಕೊಳ್ಳುತ್ತೆ. ಆಮೇಲೆ ಆಕ್ಸಲ್ ಬೇರಿಂಗ್ ಹೋಯ್ತು, ಚೈನಿನ ಚಕ್ರದ ಹಲ್ಲು ಸವೀತು ಅಂತ ಅಳ್ತಾ ಬರ್ತಾರೆ. ನಾನು ಹಾಗೆ ಮಾಡಲ್ಲ. ಓಡಿಸೋರು ಯಾರೋ ಅವರೇ ಬಂದು ಮೇಲೆ ಕೂರಬೇಕು. ತಮ್ಮನ್ನ ಕಳಿಸ್ತೀನಿ, ಭಾವಮೈದನ್ನ ಕಳಿಸ್ತೀನಿ ಅಂದ್ರೆ ಆಗಲ್ಲ. ದರ್ಜಿ ಹತ್ರ ಅಳತೆ ಕೊಡೋಕೆ ಪಕ್ಕದ ಮನೆಯವರನ್ನ ಕಳಿಸ್ತಾರಾ? ಕೂತ ಮೇಲೆ ಚೈನಿನ ನಡುಮಧ್ಯ ಬೆರಳಲ್ಲಿ ಒತ್ತಿ ನೋಡ್ತೀನಿ. ಹೆಬ್ಬೆರಳಿನ ಅಗಲದಷ್ಟು ಆಡ್ಬೇಕು. ಕಮ್ಮಿ ಆದ್ರೆ ಬೇರಿಂಗ್ ತಿನ್ನುತ್ತೆ. ಜಾಸ್ತಿ ಆದ್ರೆ ಇಳಿಜಾರಲ್ಲಿ ಕಳಚ್ಕೊಂಡು ಆಕ್ಸಲ್ಲಿಗೆ ಸುತ್ಕೊಳ್ಳುತ್ತೆ. ಸುತ್ಕೊಂಡ್ರೆ ಮುಗೀತು, ಚಕ್ರ ಅಲ್ಲೇ ಕಚ್ಕೊಳ್ಳುತ್ತೆ, ಮೇಲಿದ್ದೋನು ಎಲ್ಲಿ ಹೋಗಿ ಬೀಳ್ತಾನೋ ಯಾರಿಗೆ ಗೊತ್ತು."

ಇದು ನನ್ನ ತಮ್ಮನ ಮಾತು. ನಾಲ್ಕು ಚಕ್ರದ ಬೈಕುಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಅದಕ್ಕೆ ಎಟಿವಿ ಎಂದು ಹೆಸರಂತೆ. ನನಗೆ ಗಾಡಿ ಎಂದರೇ ಸಲೀಸು. ನಮ್ಮ ಓಣಿ ಮುಗಿದಲ್ಲಿಂದ ಗುಡ್ಡ ಶುರುವಾಗುತ್ತದೆ. ಗುಡ್ಡದ ಮೇಲೆ ಮನೆಗಳೇನೋ ಬೇಕಾದಷ್ಟಿವೆ, ದಾರಿ ಮಾತ್ರ ಬರೀ ಮರಳು ಮತ್ತು ಕಲ್ಲು. ಕಾರು ಹತ್ತುವುದಿಲ್ಲ, ಎರಡು ಚಕ್ರದ ಬೈಕು ಜಾರುತ್ತದೆ. ಆದ್ದರಿಂದ ಮೇಲೆ ಹೋಗಿ ಬರುವವರೆಲ್ಲ ಇಂಥ ಗಾಡಿ ಇಟ್ಟುಕೊಂಡಿದ್ದಾರೆ. ಗಾಡಿ ನರಳಿದರೆ ನನ್ನ ತಮ್ಮನ ಶೆಡ್ಡಿಗೆ ಬರುತ್ತಾರೆ.

ಶೆಡ್ಡು ಮನೆಗೆ ಅಂಟಿಕೊಂಡೇ ಇದೆ. ಅಡುಗೆಮನೆಯ ಕಿಟಕಿ ತೆರೆದರೆ ಅವನ ಬೆನ್ನು ಕಾಣುತ್ತದೆ. ಅವನ ಹೆಂಡತಿ ಹೊಲಿಗೆ ಕಾರ್ಖಾನೆಗೆ ಹೋದ ಮೇಲೆ ಹಗಲೆಲ್ಲ ಅವನ ಕೈ ಸ್ಪ್ಯಾನರಿನ ಮೇಲೆ, ನನ್ನ ಕೈ ಸೊಪ್ಪಿನ ಮೇಲೆ, ಮಾತು ಮಾತ್ರ ಕಿಟಕಿಯಲ್ಲಿ ಓಡಾಡುತ್ತಿರುತ್ತದೆ. ಚಿಕ್ಕವನಿದ್ದಾಗ ಅವ್ವನ ಹೊಲಿಗೆ ಯಂತ್ರ ಬಿಚ್ಚಿ ಹರವಿ, ಬೈಸಿಕೊಂಡು, ಅಳುತ್ತಲೇ ಮತ್ತೆ ಜೋಡಿಸಿದವನು. ಆಮೇಲೆ ಒಂದು ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತ. ಆ ಮೇಸ್ತ್ರಿ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುವವನು. ನನ್ನ ತಮ್ಮನ ಹುಬ್ಬಿನ ಮೇಲೆ ಈಗಲೂ ಗುರುತಿದೆ. ಓಣಿಯವರು ಅವನನ್ನು 'ಇನ್ನೊಂದ್ಸಲ' ಎಂದು ಕರೆಯುತ್ತಾರೆ. ಎಂಥ ಗಾಡಿಯನ್ನೂ ಅವನು ಒಮ್ಮೆಗೆ ಕೊಟ್ಟು ಕಳಿಸಿದವನಲ್ಲ. ಧಣಿ ಕೀಲಿಕೈ ತಿರುಗಿಸುವ ಹೊತ್ತಿಗೆ, "ತಡಿ ತಡಿ, ಇನ್ನೊಂದ್ಸಲ ನೋಡ್ತೀನಿ" ಎಂದು ಮತ್ತೆ ಕೆಳಗೆ ತೂರುತ್ತಾನೆ.

ಅವನ ಖಾಸಾ ಸ್ನೇಹಿತ ಬ್ರೆಡ್ಡಣ್ಣ. ಬೆಳಕು ಹರಿಯುವ ಮುಂಚೆ ಬೇಕರಿಯಿಂದ ಬಿಸಿ ಬ್ರೆಡ್ಡು ತುಂಬಿಕೊಂಡು ಗುಡ್ಡದ ಮನೆಗಳಿಗೆ ಹಂಚುವುದು ಆತನ ಕೆಲಸ. ಹೊರೆ ಹಗುರ, ಮನುಷ್ಯ ಭಾರ. ಆತ ಗಾಡಿಯ ಮೇಲೆ ಕೂತರೆ ಹಿಂಭಾಗ ನಿಟ್ಟುಸಿರು ಬಿಟ್ಟಂತೆ ತಗ್ಗುತ್ತಿತ್ತು. ನನ್ನ ತಮ್ಮ, "ಉಸಿರು ಬಿಗಿಹಿಡ್ಕೊಂಡು ಕೂತ್ಕೊಳೋ, ಶಾಕು ಪಾಪ ಅದೂ ಒಂದು ಜೀವ" ಎನ್ನುತ್ತಿದ್ದ. ಬ್ರೆಡ್ಡಣ್ಣ, "ನಿನ್ ಕೂರ್ಸಿದ್ರೆ ಗಾಡಿಗೆ ಗೊತ್ತೂ ಆಗಲ್ಲ, ಗಾಳಿಗೆ ಹಾರ್ಬಂದ ಕಾಗದ ಅಂದ್ಕೊಳ್ಳುತ್ತೆ" ಎಂದು ಹೊಟ್ಟೆ ಕುಲುಕಿಸಿ ನಗುತ್ತಿದ್ದ. ಇಬ್ಬರೂ ಹೀಗೇ ವರ್ಷಗಟ್ಟಲೆ.

ಈ ಸಲ ಬಿಸಿಲು ಏರುತ್ತಿದ್ದ ದಿನಗಳಲ್ಲಿ ಬ್ರೆಡ್ಡಣ್ಣ ಕಾಣಿಸುವುದು ನಿಂತಿತು. ಹೊಟ್ಟೆಯಲ್ಲಿ ಏನೋ ಕಾಯಿಲೆ, ಮದ್ದು ನಡೆದಿದೆ ಎಂದು ಗೊತ್ತಾಯಿತು. ಬೆಳಗಿನ ಹಂಚಿಕೆ ಮಾತ್ರ ಬಿಟ್ಟಿರಲಿಲ್ಲ. ಹೋಗಿ ಬಂದವನೇ ಮಲಗಿದರೆ ಸಂಜೆವರೆಗೂ ಏಳುತ್ತಿರಲಿಲ್ಲವಂತೆ. ಹಾಗಾಗಿ ಒಂದು ಮಧ್ಯಾಹ್ನ ಆತನ ಹೆಂಡತಿಯೇ ಗಾಡಿಯನ್ನು ಮೆಲ್ಲಗೆ ಓಡಿಸಿಕೊಂಡು ಬಂದಳು.

"ಅಣ್ಣ, ಚೈನು ಪಟಪಟ ಅಂತ ಬಡೀತಿದೆಯಂತೆ. ನೋಡ್ಬೇಕಂತೆ."

"ಅವನೇ ಬರ್ಬೇಕಿತ್ತಲ್ಲಮ್ಮ."

"ಏಳೋಕಾಗ್ತಿಲ್ಲ ಅಣ್ಣ. 'ನನ್ ತೂಕ ಅವನಿಗೆ ಬಾಯಿಪಾಠ, ಹಾಗೇ ಮಾಡ್ಕೊಡೋಕೆ ಹೇಳು' ಅಂದ್ರು ನಮ್ಮೋರು."

ನನ್ನ ತಮ್ಮ ತನ್ನ ಕಟ್ಟುಪಾಡು ಮುರಿದದ್ದು ಅಂದೇ. ಅಂಗಳದ ಮೂಲೆಯಲ್ಲಿದ್ದ ಮರಳನ್ನು ಚೀಲಗಳಿಗೆ ತುಂಬಿದ. ಒಂದನ್ನು ಎತ್ತಿ ನೋಡಿ, "ಅವನ ಹೊಟ್ಟೆ ಲೆಕ್ಕ ಬಿಟ್ಟೋಯ್ತು" ಎಂದು ನಗುತ್ತ ಇನ್ನಷ್ಟು ಸುರಿದ. ಚೀಲಗಳನ್ನು ಸೀಟಿನ ಮೇಲೆ ಕೂರಿಸಿ ಆಕ್ಸಲ್ಲಿನ ಮನೆಯ ಬೋಲ್ಟು ಸಡಿಲಿಸಿದ. ಆ ಗುಂಡನೆಯ ಕಬ್ಬಿಣದ ಮನೆ ತಿರುಗಿದರೆ ಆಕ್ಸಲ್ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ. ಚೈನು ಒತ್ತಿ ನೋಡಿದ. ಮರಳಿನ ಭಾರಕ್ಕೆ ಎಲ್ಲ ಸರಿಯಾಗಿಯೇ ಇತ್ತು! ಆದರೂ ಬಡಿಯುತ್ತದೆ ಎಂದರೆ ಬೇರಿಂಗ್ ಸವೆದಿರಬೇಕೆಂದು ಚಕ್ರ ಬಿಚ್ಚಿ, ಆಕ್ಸಲ್ ಹೊರಗೆಳೆದು, ಹೊಸ ಬೇರಿಂಗ್ ಕೂರಿಸಿ, ಗ್ರೀಸ್ ತುಂಬಿ ಕಳಿಸಿದ. ಬೋಲ್ಟು ಜಾರಿದರೆ ತಿಳಿಯಲೆಂದು ಆ ಕಬ್ಬಿಣದ ಮನೆಯ ಮೇಲೆ ಬಿಳಿ ಬಣ್ಣದ ಗೆರೆ ಎಳೆಯುವುದು ಅವನ ಪದ್ಧತಿ. ಅದೂ ಆಯಿತು.

ಕೆಲವು ದಿನ ಕಳೆದು ಗಾಡಿ ಮತ್ತೆ ಬಂತು. ಬಡಿತ ಇನ್ನೂ ಜೋರಾಗಿತ್ತು. ಈ ಸಲ ಚೈನು, ಹಿಂದಿನ ಹಲ್ಲಿನ ಚಕ್ರ ಎರಡೂ ಹೊಸವು. ಮತ್ತೆ ಅದೇ ಮರಳಿನ ಚೀಲ. "ಇನ್ನೊಂದ್ಸಲ, ಇನ್ನೊಂದ್ಸಲ" ಎನ್ನುತ್ತ ಗಾಡಿಯ ಕೆಳಗೆ ತೂರಿದವನು ಊಟಕ್ಕೂ ಏಳಲಿಲ್ಲ.

"ಏನಾಗಿದೆಯೋ ಅದಕ್ಕೆ?" ಎಂದೆ.

"ಏನೂ ಆಗಿಲ್ಲ ಅಕ್ಕ. ಅದೇ ನಂಗೆ ಭಯ."

ಅದಾದ ಮೇಲೆ ಒಂದು ಬೆಳಿಗ್ಗೆ ಗುಡ್ಡದ ಇಳಿಜಾರಿನಲ್ಲಿ ಚೈನು ಕಳಚಿತು. ಆಕ್ಸಲ್ಲಿಗೆ ಸುತ್ತಿಕೊಂಡಿತು, ಗಾಡಿ ಅಡ್ಡಕ್ಕೆ ತಿರುಗಿ ನಿಂತಿತು. ಇನ್ನೊಂದು ಮಾರು ಮುಂದೆ ಹೋಗಿದ್ದರೆ ಕಲ್ಲಿನ ಕೊರಕಲು. ಬ್ರೆಡ್ಡೆಲ್ಲ ಮರಳಿನ ಪಾಲು. ಮೇಲಿನ ಮನೆಯವರು ಗಾಡಿಯನ್ನು ಎಳೆದುಕೊಂಡು ಬಂದು ಶೆಡ್ಡಿಗೆ ತಲುಪಿಸಿದರು. ಹಿಂದೆಯೇ ಬ್ರೆಡ್ಡಣ್ಣ ಹೆಂಡತಿಯ ಹೆಗಲು ಹಿಡಿದುಕೊಂಡು ಬಂದ.

ಕಿಟಕಿಯಿಂದ ನೋಡಿದ ನಾನು ಯಾರೋ ಬೇರೆಯವರು ಎಂದುಕೊಂಡೆ. ಅಂಗಿ ಹಳೆಯದೇ, ಒಳಗಿದ್ದ ಮನುಷ್ಯ ಅರ್ಧವಾಗಿದ್ದ. ಕತ್ತು ಕಾಲರಿನೊಳಗೆ ಬಾವಿಯೊಳಗಿನ ಬಿಂದಿಗೆಯ ಹಾಗೆ ಅಲ್ಲಾಡುತ್ತಿತ್ತು. ದನಿ ಮಾತ್ರ ಅದೇ.

"ಏನಯ್ಯಾ ಇನ್ನೊಂದ್ಸಲ, ನನ್ ಕೊಲ್ಬೇಕು ಅಂತಿದ್ಯಾ? ಕೈಲಿ ಆಗ್ದಿದ್ರೆ ಹೇಳ್ಬಿಡು, ಬೇರೆ ಕಡೆ ತೋರಿಸ್ತೀನಿ."

ನನ್ನ ತಮ್ಮ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಆಕ್ಸಲ್ಲಿಗೆ ಸುತ್ತಿಕೊಂಡ ಚೈನನ್ನು ಒಂದೊಂದೇ ಸುತ್ತು ಬಿಡಿಸಿದ. ಆಕ್ಸಲ್ ತಿರುಗಿಸಿ ಸೊಟ್ಟಗಾಗಿಲ್ಲವೆಂದು ಖಾತ್ರಿ ಮಾಡಿಕೊಂಡು ಚೈನನ್ನು ಹಲ್ಲಿಗೆ ಕೂರಿಸಿದ. ಆಮೇಲೆ, "ಕೂತ್ಕೋ" ಎಂದ.

ಬ್ರೆಡ್ಡಣ್ಣ ಕೂತ. ಗಾಡಿ ತಗ್ಗಲಿಲ್ಲ. ನನ್ನ ತಮ್ಮ ಕೆಳಗೆ ಕೂತಲ್ಲಿಂದ ಚೈನಿಗೆ ಬೆರಳು ಒತ್ತಿದ. ಮರಳಿನ ಭಾರಕ್ಕೆ ಸರಿಯಿದ್ದ ಚೈನು ಈಗ ಬಟ್ಟೆ ಒಣಗಿಸುವ ಹಗ್ಗದಂತೆ ಮೇಲೆ ಕೆಳಗೆ ಆಡಿತು. ಅವನು ಬೆರಳು ತೆಗೆಯಲೇ ಇಲ್ಲ. ಮುಖವನ್ನೂ ಮೇಲೆತ್ತಲಿಲ್ಲ.

"ಏನು, ಸಿಕ್ತಾ ರೋಗ?"

"ಸಿಕ್ತು."

"ಎಲ್ಲಿ?"

ನನ್ನ ತಮ್ಮ ಸ್ಪ್ಯಾನರು ಹುಡುಕುವವನಂತೆ ಪೆಟ್ಟಿಗೆಯಲ್ಲಿ ಕೈಯಾಡಿಸಿದ. ಅದು ಪಕ್ಕದಲ್ಲೇ ಬಿದ್ದಿತ್ತು. ಕೊನೆಗೆ ಎತ್ತಿಕೊಂಡು ಬೋಲ್ಟು ಸಡಿಲಿಸಿದ. ಆಕ್ಸಲ್ಲಿನ ಮನೆ ತಿರುಗತೊಡಗಿತು, ಬಿಳಿ ಗೆರೆ ತನ್ನ ಜಾಗ ಬಿಟ್ಟು ಸರಿಯಿತು, ಇನ್ನೂ ಸರಿಯಿತು. ಬ್ರೆಡ್ಡಣ್ಣ ಬಗ್ಗಿ ನೋಡುತ್ತಿದ್ದ.

"ಅಷ್ಟೊಂದು ಯಾಕೋ ತಿರುಗಿಸ್ತೀಯ? ಹಳೇ ಗೆರೆಗೇ ನಿಲ್ಸು. ಮದ್ದು ಮುಗಿದ ಮೇಲೆ ಮೈ ತುಂಬ್ಕೊಳ್ತೀನಿ ಅಂತ ಡಾಕ್ಟ್ರು ಹೇಳಿದ್ದಾರೆ. ಆಗ ಚೈನು ಬಿಗಿಯಾಗಿ ಬೇರಿಂಗ್ ಹೋಗಲ್ವಾ?"

"ಇವತ್ತು ಕೂತಿರೋನಿಗೆ ಬಿಗಿ ಮಾಡೋದು ಕಣೋ ನಾನು. ಆಮೇಲೆ ಬರೋನಿಗೆ ಆಮೇಲೆ ಮಾಡಿದ್ರಾಯ್ತು."

ಬ್ರೆಡ್ಡಣ್ಣನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲ ಕಡೆ ತಿರುಗಿದಳು. ನಾನು ಒಲೆ ಸಣ್ಣಗೆ ಮಾಡಿ ಹೊರಗೆ ಬಂದೆ. ಬಂದು ಏನು ಮಾಡಬೇಕೆಂದು ನನಗೂ ತಿಳಿಯಲಿಲ್ಲ.

ಬ್ರೆಡ್ಡಣ್ಣ ಹ್ಯಾಂಡಲ್ ಹಿಡಿದು ಕಷ್ಟದಿಂದ ಕೆಳಗಿಳಿದು ಪಕ್ಕದಲ್ಲಿ ಬಿದ್ದಿದ್ದ ಹಳೇ ಟಯರಿನ ಮೇಲೆ ಕೂತ. "ಮುಂದಿನ ವಾರ ಮತ್ತೆ ಸಡಿಲ ಆಗುತ್ತಾ?" ಎಂದು ಕೇಳಿದ. ತಮಾಷೆ ಇರಲಿಲ್ಲ ಆ ದನಿಯಲ್ಲಿ.

"ಬಾ. ಬಿಗಿ ಮಾಡ್ತೀನಿ."

"ಅದರ ಮುಂದಿನ ವಾರ?"

ಇನ್ನೊಂದ್ಸಲ ಎಂಬ ಮಾತು ನನ್ನ ತಮ್ಮನ ಬಾಯಿಂದ ಹೊರಡಲಿಲ್ಲ. ಕೈಯೊರೆಸುವ ಬಟ್ಟೆಯನ್ನು ಮಡಿಸಿದ, ಬಿಚ್ಚಿದ.

"ಇವಳಿಗೆ ಮಾಡ್ಕೊಡು ಹಾಗಾದ್ರೆ," ಎಂದ ಬ್ರೆಡ್ಡಣ್ಣ. "ಬೇಕರಿಯವರಿಗೆ ಬ್ರೆಡ್ಡು ಹೋದ್ರೆ ಸಾಕು, ಯಾರು ತಗೊಂಡ್ಹೋದ್ರೇನು. ಹೋಗೇ, ಕೂತ್ಕೋ."

"ನಂಗೆ ಆ ಇಳಿಜಾರು ಭಯ ರೀ."

"ನಂಗೂ ಭಯಾನೇ. ಹೇಳಿರಲಿಲ್ಲ ಅಷ್ಟೆ."

ಅವಳು ಚಪ್ಪಲಿ ಬಿಟ್ಟು ಹತ್ತಿದಳು. ಗಾಡಿ ಒಂದಿಷ್ಟು ತಗ್ಗಿತು. "ಅಣ್ಣ, ನನ್ ತೂಕ ಓಣಿಗೆಲ್ಲ ಸಾರ್ಬೇಡಿ ಮತ್ತೆ" ಎಂದಳು. ನಗಿಸಲೆಂದೇ ಹೇಳಿದ ಮಾತು. ನನ್ನ ತಮ್ಮ ನಗಲು ನೋಡಿದ, ಆಗಲಿಲ್ಲ. ಅವಳ ತೂಕಕ್ಕೆ ಆಕ್ಸಲ್ಲಿನ ಮನೆಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಬೆರಳು ಒತ್ತಿ, ಬೋಲ್ಟು ಬಿಗಿದು ಹೊಸ ಗೆರೆ ಎಳೆದ. ಬ್ರೆಡ್ಡಣ್ಣ, "ಬಿಳಿ ಬೇಡ, ಕೆಂಪು ಹಾಕು, ಹೆಣ್ಮಗಳ ಗಾಡಿ" ಎಂದ. ಕೆಂಪು ಬಣ್ಣ ಶೆಡ್ಡಿನಲ್ಲಿ ಇರಲಿಲ್ಲ.

ಗಂಡನನ್ನು ಹಿಂದೆ ಕೂರಿಸಿಕೊಂಡು ಅವಳು ಓಣಿಯ ತಿರುವು ದಾಟಿದಳು. ಇಬ್ಬರ ಭಾರಕ್ಕೆ ಆ ಚೈನು ಚೂರು ಬಿಗಿಯೇ. ನನ್ನ ತಮ್ಮ ಅದನ್ನು ಹೇಳಲು ಎರಡು ಹೆಜ್ಜೆ ಓಡಿ ನಿಂತುಬಿಟ್ಟ.

"ಅಕ್ಕ, ನನ್ ಕೈಲಿ ಬೇರೆ ಏನಾದ್ರೂ ಮಾಡೋಕಾಗ್ತಿತ್ತಾ?"

"ಇಲ್ಲಪ್ಪ" ಎಂದೆ.

ಅಷ್ಟರಲ್ಲಿ ನಲ್ಲಿ ಗೊರಗೊರ ಎಂದಿತು, ನೀರು ಬಿಟ್ಟಿದ್ದರು. ನಾನು ಕೊಡಗಳನ್ನು ತೊಳೆದು ಒಂದೊಂದಾಗಿ ನಲ್ಲಿಯ ಕೆಳಗಿಟ್ಟೆ. ಅವನು ತುಂಬಿದವನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಹಂಡೆಗೆ ಸುರಿದು, ಖಾಲಿ ಕೊಡ ಹಿಡಿದು ವಾಪಸು ಬರುತ್ತಿದ್ದ.