ಬುತ್ತಿಯೊಳಗಿನ ಸೋಮವಾರ

ಏಳನೆಯ ತರಗತಿಗೇ ಶಾಲೆ ಬಿಟ್ಟವನನ್ನು ಕೊಟ್ಟೂರಿನ ಮಂದಿ 'ಇಂಜಿನಿಯರ್ರೇ' ಎಂದು ಕರೆಯತೊಡಗಿದಾಗ ನಾನು ಬೇಡವೆನ್ನಲಿಲ್ಲ. ಟೇಪ್ ರೆಕಾರ್ಡರ್ ರಿಪೇರಿಯಿಂದ ಶುರುಮಾಡಿ, ಹರಿದ ಪುಸ್ತಕವೊಂದನ್ನು ಎದುರಿಗಿಟ್ಟುಕೊಂಡು ಪ್ರೋಗ್ರಾಂ ಬರೆಯುವಷ್ಟು ಕಲಿತಿದ್ದೆ. ಯಾರ ಕಾಲು ಹಿಡಿದೂ ಕಲಿತದ್ದಲ್ಲ.

ಮೊದಲ ಗಿರಾಕಿ ನಮ್ಮೂರಿನ ಒಬ್ಬ ಸಾಹುಕಾರರು. ಅವರ ವೇಬ್ರಿಡ್ಜಿನಲ್ಲಿ ಗಾಡಿ, ಲಾರಿ ತೂಗಿ ಚೀಟಿ ಕೊಡುವ ಪ್ರೋಗ್ರಾಂ ಬರೆದುಕೊಟ್ಟೆ. ನನ್ನ ಅಂಗಡಿಯಲ್ಲಿ ಕುದುರೆಯಂತೆ ಓಡಿದ್ದು ಅವರಲ್ಲಿ ಹೆಜ್ಜೆಯನ್ನೇ ಎತ್ತಲಿಲ್ಲ. ಒಂದು ಫೈಲು ಇಲ್ಲ, ಕನ್ನಡದ ಅಕ್ಷರ ಇಲ್ಲ, ಪ್ರಿಂಟರಿನ ಜಾತಿಯೇ ಬೇರೆ. ವಾರವಿಡೀ ಅಲ್ಲೇ ಕೂತು ಸರಿಮಾಡಿದೆ. ಮುಗಿಯುವ ಹೊತ್ತಿಗೆ ಸಾಹುಕಾರರದು ಇನ್ನೊಂದು ಬೇಡಿಕೆ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಾಡಿಗಳು ಬರುವುದಿಲ್ಲ, ಹಾಗಾಗಿ ಸಾಹುಕಾರರೂ ಬರುವುದಿಲ್ಲ.

"ನಾನಿಲ್ಲಂದ್ರ ನಮ್ಮ ಗುಮಾಸ್ತ ತನ್ನ ಬೀಗರ ಲಾರಿ ಎಲ್ಲಾ ಪುಕ್ಕಟೆ ತೂಗ್ತಾನ್ರಿ. ಸೋಮವಾರ ನಿಮ್ಮ ಡಬ್ಬಿ ಬಾಯೇ ಬಿಡಬಾರ್ದು ನೋಡ್ರಿ!"

ಸೋಮವಾರ ತೂಗದಂತೆ ಪ್ರೋಗ್ರಾಮಿನ ಬಾಯಿ ಹೊಲಿದೆ.

ಆ ಒದ್ದಾಟ ಮತ್ತೊಮ್ಮೆ ಬೇಡವೆಂದು ಉಪಾಯವೊಂದನ್ನು ಹುಡುಕಿದೆ. ಹೊಲಕ್ಕೆ ಹೋಗುವವರು ರೊಟ್ಟಿ, ಪಲ್ಯ, ಚಟ್ನಿಪುಡಿ, ಉಳ್ಳಾಗಡ್ಡಿ ಎಲ್ಲವನ್ನೂ ಒಂದೇ ಬುತ್ತಿಯಲ್ಲಿ ಕಟ್ಟಿಕೊಳ್ಳುವುದಿಲ್ಲವೇ? ಸಾಹುಕಾರರಲ್ಲಿ ಸರಿಹೋದ ಹಾರ್ಡ್ ಡಿಸ್ಕನ್ನು ಇದ್ದದ್ದು ಇದ್ದಂತೆಯೇ ಹೊಸದೊಂದಕ್ಕೆ ನಕಲು ಮಾಡಿದೆ. ಬುತ್ತಿ ಬಿಚ್ಚಿದಲ್ಲಿ ಊಟ!

"ಯಾವ ಊರಾಗಿಟ್ರೂ ಓಡ್ತೈತ್ರಿ" ಎಂದು ಹರಪನಹಳ್ಳಿಯ ಸಾಹೇಬರಿಗೆ ಮಾತು ಕೊಟ್ಟೆ. ಅವರು ದೊಡ್ಡ ರಸ್ತೆಯ ಪಕ್ಕ ಲಾರಿಗಳಿಗೆಂದೇ ಹೊಸ ವೇಬ್ರಿಡ್ಜ್ ಹಾಕಿಸಿದ್ದರು.

"ಉದ್ಘಾಟನೆ ದಿನ ನಿಂತ್ರೆ ದಾವಣಗೆರೆ ಕಂಪನಿಯವ್ರನ್ನ ಕರಸ್ತೀನಿ. ನಿಮ್ಮ ಡಬ್ಬಿ ನೀವೇ ಹೊತ್ಕೊಂಡು ಹೋಗ್ರಿ" ಎಂದರು.

ಭಾನುವಾರ ಸಂಜೆ ಜೋಡಿಸಿದೆ. ಓಡಿತು. ಮರುದಿನ ಬೆಳಿಗ್ಗೆ ಹೂವಿನ ಹಾರ ಹಾಕಿಕೊಂಡ ಲಾರಿಯೊಂದು ತೂಕದ ಕಟ್ಟೆ ಹತ್ತಿತು. ಊರ ಹಿರಿಯರೆಲ್ಲ ಪರದೆಯತ್ತ ಬಗ್ಗಿದರು. ನಾನು ಕಾಲರ್ ಸರಿಮಾಡಿಕೊಂಡು ಗುಂಡಿ ಒತ್ತಿದೆ. ದೊಡ್ಡಕ್ಷರದಲ್ಲಿ ಮೂಡಿತು: "ಇಂದು ಸೋಮವಾರ. ಎತ್ತುಗಳಿಗೆ ರಜೆ. ನಾಳೆ ಬನ್ನಿ."

ಲಾರಿಯ ಡ್ರೈವರ್ ಕಿಟಕಿಯಲ್ಲಿ ಇಣುಕಿ ಓದಿದ. "ಸಾಹೇಬ್ರೇ, ನನ್ನ ಲಾರಿಗೆ ಎತ್ತು ಯಾವಾಗ ಕಟ್ಟಿದ್ರಿ?"

ಸಾಹೇಬರು ನಗಲಿಲ್ಲ. ನನ್ನನ್ನು ನೋಡಿದರು.

ತಿದ್ದಬೇಕಾದ ಮೂಲ ಫೈಲು ಕೊಟ್ಟೂರಿನ ಅಂಗಡಿಯಲ್ಲೇ ಇತ್ತು. ಬುತ್ತಿಯನ್ನೇನೋ ಪೂರಾ ಕಟ್ಟಿದ್ದೆ, ಅಡುಗೆಮನೆಯನ್ನು ತಂದಿರಲಿಲ್ಲ. ಬೇರೆ ದಾರಿ ಕಾಣದೆ ಕಂಪ್ಯೂಟರಿನ ತಾರೀಖನ್ನು ಒಂದು ದಿನ ಮುಂದಕ್ಕೆ ತಳ್ಳಿದೆ. ಮಂಗಳವಾರವೆಂದು ನಂಬಿ ಅದು ತೂಗಿತು.

ಚೀಟಿ ನೋಡಿದ ಡ್ರೈವರ್ ಮತ್ತೆ ಶುರುಮಾಡಿದ: "ನಾಳಿ ತೂಗಿದ ಮಾಲು ಇವತ್ತೇ ಇಳಿಸಿದ್ರೆ ಮಿಲ್ಲಿನವ್ರು ನನ್ನ ದೆವ್ವ ಅಂತಾರ್ರಿ!"

ಸಾಹೇಬರು ಪೆನ್ನು ತೆಗೆದು ತಾರೀಖು ತಿದ್ದಿ ಸಹಿ ಹಾಕಿದರು. ಸಂಜೆಯವರೆಗೂ ಬಂದ ಪ್ರತಿ ಚೀಟಿಗೂ ಅದೇ ಸೇವೆ.

ಜನ ಕರಗಿದ ಮೇಲೆ ನಾನೇ ತಂತಿ ಬಿಚ್ಚತೊಡಗಿದೆ. ಹೊತ್ಕೊಂಡು ಹೋಗು ಎನ್ನಿಸಿಕೊಂಡು ಹೋಗುವುದಕ್ಕಿಂತ ನಾವಾಗಿಯೇ ಹೊರಡುವುದು ಮೇಲು. ಸಾಹೇಬರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ತಮ್ಮ ಗುಮಾಸ್ತ ದೂರದಲ್ಲಿದ್ದಾನೆಂದು ಖಾತ್ರಿಮಾಡಿಕೊಂಡು ದನಿ ತಗ್ಗಿಸಿದರು.

"ಅದು ತಾನಾಗೇ ಬೀಗ ಹಾಕ್ಕೊಂತಲ್ರಿ... ಶುಕ್ರವಾರ ಮಧ್ಯಾಹ್ನ ನಾನು ನಮಾಜಿಗೆ ಹೋಗ್ತೀನಿ. ಅಷ್ಟೊತ್ತು ಮಾತ್ರ ಹಂಗೆ ಮಾಡಾಕೆ ಬರ್ತೈತೇನು?"

ಬಿಚ್ಚಿದ ತಂತಿಯನ್ನು ಮೆಲ್ಲಗೆ ಮತ್ತೆ ಸಿಕ್ಕಿಸಿದೆ.

"ಬರ್ತೈತ್ರಿ ಸಾಹೇಬ್ರ," ಎಂದೆ, ಆದಷ್ಟೂ ಗಂಭೀರವಾಗಿ. "ಆದ್ರ ಅದು ಸಣ್ಣ ಕೆಲಸ ಅಲ್ಲ."