ಹಳದಿ ಬಾವುಟದ ಹಿಂದೆ ಇಟಲಿ

ಎರಡು ಸಾವಿರದ ಇಸವಿ ಹುಟ್ಟಿದ ಗಳಿಗೆಗೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಹೆದರಿದ್ದ ಲೋಕಕ್ಕೆ ಏನೂ ಆಗಲಿಲ್ಲ. ಅವನ್ನು ಮುಂಚೆಯೇ ಸರಿಪಡಿಸಲೆಂದು ಬೆಂಗಳೂರಿನಿಂದ ಜಪಾನಿನ ಕಾವಾಸಾಕಿಗೆ ಬಂದಿದ್ದ ನಮ್ಮ ತಂಡದವರು ಜನವರಿ ಮುಗಿಯುವುದರೊಳಗೆ ಊರಿಗೆ ಹೊರಟರು. ಹಳೆಯ ಪ್ರೋಗ್ರಾಮುಗಳನ್ನು ನೋಡಿಕೊಳ್ಳಲು ಒಬ್ಬರಾದರೂ ಇರಬೇಕಿತ್ತು. "ನಿಮಗಿನ್ನೂ ಮದುವೆ, ಮಕ್ಕಳು ಅಂತ ಇಲ್ವಲ್ಲ, ನೀವೇ ಕಂಟಿನ್ಯೂ ಮಾಡಿ" ಎಂದು ಬೆಂಗಳೂರಿನ ಮ್ಯಾನೇಜರ್ ಫೋನಿನಲ್ಲಿ ಹೇಳಿದರು. ನಾನು ಉಳಿದೆ.

ಆಫೀಸಿನಲ್ಲಿ ಎಲ್ಲರೂ ಒಳ್ಳೆಯವರೇ. ನನ್ನ ಹೆಸರಿಗೆ ಮರ್ಯಾದೆಯ 'ಸಾನ್' ಸೇರಿಸಿ ಕರೆಯುತ್ತಿದ್ದರು, ನನ್ನ ಅರೆಬರೆ ಜಪಾನಿಯನ್ನು ತಾಳ್ಮೆಯಿಂದ ಕೇಳುತ್ತಿದ್ದರು. ಆದರೆ ಶುಕ್ರವಾರ ಸಂಜೆ ರೂಮಿನ ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆವರೆಗೆ ನನ್ನ ಬಾಯಿಂದ ಹೊರಡುತ್ತಿದ್ದುದು ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಂಡಾಗ ಥ್ಯಾಂಕ್ಸ್ ಅನ್ನಲು ಹೇಳುವ ಒಂದು 'ಅರಿಗಾತೋ' ಮಾತ್ರ. ಒಮ್ಮೊಮ್ಮೆ ಗಂಟಲು ಕಟ್ಟಿದೆಯೇನೋ ಎಂದು ಸುಮ್ಮನೆ ಕೆಮ್ಮಿ ನೋಡಿಕೊಳ್ಳುತ್ತಿದ್ದೆ.

ಮೇ ತಿಂಗಳ ಮೊದಲ ವಾರ ಜಪಾನಿನಲ್ಲಿ ಸಾಲು ರಜೆ. ಅಷ್ಟು ದಿನ ಆ ರೂಮಿನಲ್ಲಿ ಕೂರುವುದನ್ನು ನೆನೆದರೇ ಹೆದರಿಕೆಯಾಯಿತು. ಸ್ಟೇಷನ್ ಹತ್ತಿರದ ಟ್ರಾವೆಲ್ ಅಂಗಡಿಯ ಗಾಜಿನ ಮೇಲೆ ಕೆಂಪು ಗುಮ್ಮಟದ ಒಂದು ಚಿತ್ರ ಅಂಟಿಸಿದ್ದರು: ಇಟಲಿಯ ಫ್ಲಾರೆನ್ಸ್ ಮತ್ತು ಸುತ್ತಲಿನ ಊರುಗಳು. ಒಳಗೆ ಹೋಗಿ ಆ ಚಿತ್ರಕ್ಕೆ ಬೆರಳು ತೋರಿಸಿದೆ. "ಒಬ್ಬರೇನಾ?" ಎಂದು ಹುಡುಗಿ ಎರಡು ಸಲ ಕೇಳಿದಳು. ಹೌದು, ಒಬ್ಬಳೇ ಎಂದೆ. ಹಾಗಾದರೆ ಇನ್ನೊಬ್ಬ ಒಂಟಿ ಮಹಿಳೆಯ ಜೊತೆ ರೂಮು ಹಂಚಿಕೊಳ್ಳಬಹುದೇ ಎಂದಳು. ಒಪ್ಪಿದೆ.

ಆ ಮಹಿಳೆಯನ್ನು ನಾನು ನೋಡಿದ್ದು ನರಿತಾ ವಿಮಾನ ನಿಲ್ದಾಣದಲ್ಲಿ. ಅರವತ್ತು ದಾಟಿದ್ದ, ಬೆಳ್ಳಗಿನ ಗಿಡ್ಡ ಕೂದಲಿನ ಹೆಂಗಸು. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಿಯಾಗಿದ್ದರು. ಗಂಡನಿಗೆ ಮನೆ ಬಿಟ್ಟು ಕದಲುವುದೇ ಆಗದು. ಅದಕ್ಕೇ ಒಬ್ಬರೇ ಹೊರಟಿದ್ದರು. ವಿಮಾನ ಏರುವ ಮುಂಚೆ ದನಿ ತಗ್ಗಿಸಿ, ಏನೋ ತಪ್ಪು ಮಾಡಿದವರ ಹಾಗೆ ಹೇಳಿದರು: "ನಾನು ಇಟಾಲಿಯನ್ ಕಲಿತಿದ್ದೀನಿ. ರೇಡಿಯೋದಲ್ಲಿ. ದಿನಾ ಬೆಳಿಗ್ಗೆ, ಅಡುಗೆಮನೆಯಲ್ಲಿ."

"ಯಾರ ಜೊತೆಯಾದರೂ ಮಾತಾಡಿದ್ದೀರಾ?"

"ಯಾರಿದ್ದಾರೆ, ಹೇಳಿ? ರೇಡಿಯೋಗೇ ಉತ್ತರ ಕೊಡ್ತಿದ್ದೆ."

ಫ್ಲಾರೆನ್ಸಿನಲ್ಲಿ ನಮ್ಮ ಗೈಡ್ ಹಳದಿ ಬಾವುಟ ಎತ್ತಿ ಹಿಡಿದು ಮುಂದೆ ನಡೆಯುತ್ತಿದ್ದಳು, ನಾವು ಹಿಂದೆ. ಊರು ಸುಂದರವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಬಿಳಿ, ಹಸಿರು, ನಸುಗೆಂಪು ಅಮೃತಶಿಲೆ ಹೊದ್ದ ಆ ದೊಡ್ಡ ಚರ್ಚು ಸಂದಿಯೊಂದರ ತಿರುವಿನಲ್ಲಿ ತಟ್ಟನೆ ಎದುರಾದಾಗ "ಅಬ್ಬಾ, ನೋಡೇ!" ಎಂದುಬಿಟ್ಟೆ. ಪಕ್ಕದಲ್ಲಿದ್ದ ಜಪಾನಿ ಯಜಮಾನರು ನನ್ನ ಕಡೆ ತಿರುಗಿ, ವಿನಯದಿಂದ ತಲೆಯಾಡಿಸಿ, ಮತ್ತೆ ಹೆಂಡತಿಯ ಕಡೆ ತಿರುಗಿದರು. ನಾನು ಯಾರಿಗೆ 'ನೋಡೇ' ಅಂದೆ? ಹಾಗೆ ಕರೆಯಬಹುದಾದವರು ಮೈಸೂರಿನಲ್ಲಿ ಇಬ್ಬರೋ ಮೂವರೋ ಇದ್ದರು. ಅವರಾರಿಗೂ ನಾನು ಆ ಹೊತ್ತಿಗೆ ಎಲ್ಲಿದ್ದೇನೆಂದು ಸರಿಯಾಗಿ ತಿಳಿದೂ ಇರಲಿಲ್ಲ.

ನಮ್ಮಿಬ್ಬರನ್ನು ಬಿಟ್ಟರೆ ಬಂದವರೆಲ್ಲ ಜೋಡಿಗಳು. ನಾನು ಒಬ್ಬಳೇ ಆದ್ದರಿಂದ ಎಲ್ಲರ ಕ್ಯಾಮೆರಾ ನನ್ನ ಕೈಗೆ ಬರತೊಡಗಿತು. ನದಿಯ ಮೇಲಿನ ಹಳೆಯ ಸೇತುವೆ, ಅದರ ಮೇಲಿನ ಚಿನ್ನದಂಗಡಿಗಳು, ಗುಡ್ಡದ ಮೇಲಿನಿಂದ ಕಾಣುವ ಕೆಂಪು ಹೆಂಚಿನ ಊರು, ಇವನ್ನೆಲ್ಲ ನಾನು ನೋಡಿದ್ದು ಹೆಚ್ಚಾಗಿ ಬೇರೆಯವರ ಹೆಗಲುಗಳ ನಡುವಿನಿಂದ. ಊಟಕ್ಕೆ ಕೂತಾಗ ಮಾಂಸವಿಲ್ಲದ್ದು ಹುಡುಕಿ ಕೊನೆಗೆ ಬ್ರೆಡ್ಡು ಕಚ್ಚುತ್ತಿದ್ದೆ. ಆ ಸೀಮೆಯ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ನನ್ನ ಮುಖ ನೋಡಿ ರೂಮಿನ ಜೊತೆಗಾತಿ ಕೈಚೀಲದಿಂದ ಸೋಯಾ ಸಾಸಿನ ಪುಟ್ಟ ಪೊಟ್ಟಣವೊಂದನ್ನು ತೆಗೆದು ಮೇಜಿನ ಕೆಳಗಿಂದ ದಾಟಿಸಿದರು.

ಅವರ ಕಷ್ಟ ಬೇರೆ ಥರದ್ದು. ಅಂಗಡಿಗೆ ಹೋಗಿ, ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡು, ನಿಧಾನವಾಗಿ ಇಟಾಲಿಯನ್ನಿನಲ್ಲಿ ಕೇಳುತ್ತಿದ್ದರು. ಅಂಗಡಿಯವನು ಅವರ ಮುಖ ನೋಡಿದ್ದೇ "ಕೊನ್ನಿಚಿವಾ! ಯಾಸುಯಿ, ಯಾಸುಯಿ!" ಅಂತ ಜಪಾನಿಯಲ್ಲೇ ಕೂಗುತ್ತಿದ್ದ, ನಮಸ್ಕಾರ, ಅಗ್ಗ, ಅಗ್ಗ ಎಂದು. ಇಲ್ಲವೇ ಇಂಗ್ಲಿಷಿಗೆ ಹೊರಳುತ್ತಿದ್ದ. ಆಗ ನಾನು ನಡುವೆ ಬಂದು ಇಂಗ್ಲಿಷಿನಲ್ಲಿ ಮಾತು ಮುಗಿಸಿಕೊಡುತ್ತಿದ್ದೆ. ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ಬಾಗಿ ಅರಿಗಾತೋ ಹೇಳಿ ಹೊರಗೆ ಬರುತ್ತಿದ್ದರು. ಕೊಂಡದ್ದನ್ನು ಬಿಚ್ಚಿ ಕೂಡ ನೋಡದೆ ಚೀಲಕ್ಕೆ ಹಾಕುತ್ತಿದ್ದರು.

ಒಂದು ದಿನ ಬಸ್ಸಿನಲ್ಲಿ ಸಿಯೆನಾ ಎಂಬ ಹಳೆಯ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಇಟ್ಟಿಗೆ ಹಾಸಿದ ಒಂದು ವಿಶಾಲ ಚೌಕ, ಚಿಪ್ಪಿನ ಒಳಮೈಯಂತೆ ಒಂದು ಕಡೆಗೆ ಇಳಿಜಾರು. ಜನ ಅಲ್ಲೇ ನೆಲದ ಮೇಲೆ ಮೈಚಾಚಿ ಬಿಸಿಲು ಕಾಯುತ್ತಿದ್ದರು. ಸ್ವಲ್ಪ ಹೊತ್ತು ನೀವೇ ಸುತ್ತಾಡಿ ಬನ್ನಿ ಎಂದು ಗೈಡ್ ಬಾವುಟ ಮಡಿಸಿದಳು. ನಾವಿಬ್ಬರೂ ಓಣಿಯೊಂದನ್ನು ಹಿಡಿದೆವು. ಅದು ಏರಿತು, ಇಳಿಯಿತು, ಕವಲೊಡೆಯಿತು. ಹಿಂದಿರುಗಲು ನೋಡಿದರೆ ಎಲ್ಲ ಓಣಿಗಳೂ ಒಂದೇ ಥರ. ದಾರಿ ತಪ್ಪಿತ್ತು.

ಒಂದು ಮನೆಯ ಬಾಗಿಲಲ್ಲಿ ಮುದುಕಿಯೊಬ್ಬಳು ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದಳು. ನಾನು ಅಭ್ಯಾಸಬಲದಿಂದ "ಎಕ್ಸ್‌ಕ್ಯೂಸ್ ಮಿ" ಎಂದು ಮುಂದೆ ಹೋದೆ. ಹಿಂದಿನಿಂದ ಜೊತೆಗಾತಿ ನನ್ನ ತೋಳು ಹಿಡಿದರು.

"ಸುಮಿಮಾಸೆನ್, ಕ್ಷಮಿಸಿ. ದಯವಿಟ್ಟು ನೀವು ಮಾತಾಡಬೇಡಿ," ಅಂದರು. "ನಾನು ಕೇಳ್ತೀನಿ."

ನಾನು ಪಕ್ಕಕ್ಕೆ ಸರಿದೆ. ಅವರು ಒಂದು ವಾಕ್ಯ ಹೇಳಿದರು. ಮುದುಕಿ ತಲೆ ಎತ್ತಿ ಇಟಾಲಿಯನ್ನಿನಲ್ಲೇ ಉತ್ತರ ಕೊಟ್ಟಳು. ಅವಳಿಗೆ ಬೇರೆ ಭಾಷೆ ಬರುತ್ತಲೇ ಇರಲಿಲ್ಲ. ಇವರು ಇನ್ನೇನೋ ಕೇಳಿದರು, ಅವಳು ಕೈ ಬೀಸುತ್ತಾ ಇನ್ನಷ್ಟು ಹೇಳಿದಳು. ನೋಡನೋಡುತ್ತಿದ್ದಂತೆ ನಾವು ಒಳಗೆ, ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೆವು. ಕಾಫಿ ಬಂತು. ಜೊತೆಗಾತಿ ಬಟಾಣಿ ಸುಲಿಯುತ್ತಾ ಮಾತಾಡುತ್ತಿದ್ದರು. ತಡವರಿಸಿದಾಗ ಮುದುಕಿ ಪದ ಕೊಡುತ್ತಿದ್ದಳು. ಒಮ್ಮೆ ಕೈಯಿಂದ ಬಾಯಿ ಮುಚ್ಚಿಕೊಳ್ಳುವುದನ್ನೂ ಮರೆತು ಜೋರಾಗಿ ನಕ್ಕರು. ಅಷ್ಟು ದಿನದಲ್ಲಿ ಅವರ ಹಲ್ಲು ಕಂಡಿದ್ದು ಅದೇ ಮೊದಲು.

ನಾನು ಖುಷಿಪಡಬೇಕಿತ್ತು, ಪಟ್ಟೆ ಕೂಡ. ಆದರೆ ಆ ಮೇಜಿನ ಮುಂದೆ ಕೂತಾಗ ಆದಷ್ಟು ಒಂಟಿತನ ಕಾವಾಸಾಕಿಯ ಯಾವ ಭಾನುವಾರವೂ ನನಗೆ ಆಗಿರಲಿಲ್ಲ. ಎರಡು ಹೆಂಗಸರು ಹರಟುವ ಸದ್ದು, ಬಟ್ಟಲಿಗೆ ಕಾಳು ಬೀಳುವ ಸದ್ದು, ಎಲ್ಲ ನನಗೆ ಗೊತ್ತಿದ್ದದ್ದೇ. ಮಾತು ಮಾತ್ರ ನನ್ನದಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಮುದುಕಿ ಅದನ್ನು ಗಮನಿಸಿರಬೇಕು. ಏನೋ ಕೇಳಿದಳು. ಜೊತೆಗಾತಿ ನನಗೆ ಜಪಾನಿಯಲ್ಲಿ ತಿಳಿಸಿದರು: "ನಿಮ್ಮ ಮನೆಮಾತು ಯಾವುದು ಅಂತ ಕೇಳ್ತಿದ್ದಾರೆ. ಅದರಲ್ಲಿ ಏನಾದರೂ ಹೇಳಬೇಕಂತೆ. ಹೇಗಿರುತ್ತೆ ಅಂತ ಕೇಳೋ ಆಸೆಯಂತೆ."

"ಕನ್ನಡ," ಎಂದೆ. ಏನು ಹೇಳುವುದು? "ನಿಮ್ಮ ಕಾಫಿ ಚೆನ್ನಾಗಿದೆ, ಅಮ್ಮ," ಎಂದು ಶುರುಮಾಡಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇಬ್ಬರೂ ಕೈಯ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು. "ನನ್ನ ರೂಮಲ್ಲಿ ಮಾತಾಡೋಕೆ ಯಾರೂ ಇಲ್ಲ," ಎಂದೆ. "ಬೆಳಿಗ್ಗೆ ಟ್ರೈನಲ್ಲಿ ಅಷ್ಟು ಜನ ಮೈಗೆ ಮೈ ತಾಗಿಸಿಕೊಂಡು ನಿಂತಿರ್ತಾರೆ, ಒಬ್ಬರೂ ಉಸಿರೆತ್ತಲ್ಲ. ಮನೆಗೆ ಫೋನ್ ಮಾಡಿದ್ರೆ ಚೆನ್ನಾಗಿದೀನಿ ಅಂತ ಸುಳ್ಳು ಹೇಳ್ತೀನಿ. ಅವರೂ ಚೆನ್ನಾಗಿದೀವಿ ಅಂತಾರೆ. ನನಗೆ ಬೇಜಾರಾಗಿದೆ, ಅಮ್ಮ. ತುಂಬಾ ಬೇಜಾರಾಗಿದೆ." ಇನ್ನೂ ಏನೇನೋ ಹೇಳಿದೆ. ಕೊನೆಗೆ ಖಾಲಿ ಲೋಟ ಕೆಳಗಿಟ್ಟು ನಿಲ್ಲಿಸಿದೆ.

ಯಾರಿಗೂ ಒಂದಕ್ಷರ ತಿಳಿದಿರಲಿಲ್ಲ. ಮುದುಕಿ ಎದ್ದು ಬಂದು ಒರಟು ಅಂಗೈಯಿಂದ ನನ್ನ ಕೆನ್ನೆ ತಟ್ಟಿ, ಇನ್ನೊಂದು ಲೋಟ ಕಾಫಿ ಸುರಿದಳು. ಜೊತೆಗಾತಿ ಏನು ಹೇಳಿದಿರಿ ಎಂದು ಕೇಳಲಿಲ್ಲ. ಸುಲಿಯುತ್ತಿದ್ದ ಬಟಾಣಿಯಲ್ಲಿ ಒಂದು ಹಿಡಿ ನನ್ನ ಮುಂದೆ ಸರಿಸಿದರು. ಮೂವರೂ ಸುಲಿದೆವು.

ಮುದುಕಿ ತೋರಿಸಿದ ದಾರಿಯಲ್ಲಿ ಓಡೋಡಿ ಬಂದರೂ ತಡವಾಗಿಯೇ ಹೋಗಿತ್ತು. ಬಸ್ಸಿನಲ್ಲಿ ಎಲ್ಲರೂ ನಮಗಾಗಿ ಕಾದು ಕೂತಿದ್ದರು. ಒಬ್ಬರೂ ಬೈಯಲಿಲ್ಲ, ಒಬ್ಬರೂ ನಗಲಿಲ್ಲ. ನಾವಿಬ್ಬರೂ ಪ್ರತಿ ಸಾಲಿನ ಮುಂದೆಯೂ ಬಾಗಿ ಸುಮಿಮಾಸೆನ್ ಹೇಳುತ್ತಾ ಕೊನೆಯ ಸೀಟಿನವರೆಗೆ ಹೋದೆವು. ಕೂತ ಮೇಲೆ ಜೊತೆಗಾತಿ ಕಿವಿಯಲ್ಲಿ ಹೇಳಿದರು: "ನಾನು ಹೇಳಿದ್ದು ಆಕೆಗೆ ಅರ್ಥವಾಯ್ತು. ಎಲ್ಲಾ ಅರ್ಥವಾಯ್ತು." ಕಿಟಕಿಯಾಚೆ ಹಸಿರು ಗುಡ್ಡಗಳು, ಸಾಲು ಸಾಲು ದ್ರಾಕ್ಷಿ ಬಳ್ಳಿಗಳು, ನೆಟ್ಟಗೆ ನಿಂತ ಕಪ್ಪು ಸೈಪ್ರೆಸ್ ಮರಗಳು ಹಾದುಹೋಗುತ್ತಿದ್ದವು. ಅವರು ನೋಡಲಿಲ್ಲ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು.

ಜಪಾನಿಗೆ ಮರಳಿದ ಮೇಲೆ ಒಮ್ಮೆ ಭೇಟಿಯಾದೆವು, ಕಾವಾಸಾಕಿ ಸ್ಟೇಷನ್ನಿನ ಮೇಲಿನ ಒಂದು ಕೆಫೆಯಲ್ಲಿ. ಮಳೆಗಾಲ ಶುರುವಾಗಿತ್ತು. ಅವರು ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದರು. ನಾನೂ ಮಾತಿಗೆ ಸಿದ್ಧವಾಗಿಯೇ ಹೋಗಿದ್ದೆ. ಆದರೆ ಹವಾಮಾನ, ಅವರ ಗಂಡನ ಮೊಣಕಾಲು ನೋವು, ನನ್ನ ಕೆಲಸ, ಇಷ್ಟು ಮುಗಿಯುವಷ್ಟರಲ್ಲಿ ಮಾತು ಬತ್ತಿತು. ಮತ್ತೆ ಅದೇ ವಿನಯದ ಜಪಾನಿಯೊಳಗೆ ಅವರೂ ಹೋಗಿಬಿಟ್ಟಿದ್ದರು, ನಾನೂ ಹೋಗಿಬಿಟ್ಟಿದ್ದೆ.

"ಇಟಾಲಿಯನ್?" ಎಂದು ಕೇಳಿದೆ.

"ವಾರಕ್ಕೊಮ್ಮೆ ಕ್ಲಾಸಿಗೆ ಹೋಗ್ತೀನಿ. ಆ ಮೇಷ್ಟ್ರು ಜಪಾನಿಯವರೇ. ತಪ್ಪುಗಳನ್ನು ತುಂಬಾ ಚೆನ್ನಾಗಿ ತಿದ್ದುತ್ತಾರೆ." ಕಾಫಿ ಕಲಕುತ್ತಾ, "ಮುಂದಿನ ವರ್ಷ ಸಿಯೆನಾಗೆ ಒಬ್ಬಳೇ ಹೋಗಬೇಕು ಅಂತಿದ್ದೀನಿ. ಬಾವುಟ ಇಲ್ಲದೆ," ಎಂದರು.

ಹೋದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಚಳಿಗಾಲಕ್ಕೆ ಮೊದಲು ಕಂಪನಿ ನನ್ನನ್ನು ಒಸಾಕಾಕ್ಕೆ ಕಳಿಸಿತು. ಅಲ್ಲಿ ಇನ್ನೂ ಎರಡು ವರ್ಷ ಇದ್ದೆ. ಕೆಫೆಯಲ್ಲಿ ಭೇಟಿಯಾದ ಆ ದಿನ ಟಿಕೆಟ್ ಗೇಟಿನ ಬಳಿ ಬಾಗಿ ಬೀಳ್ಕೊಟ್ಟು, ಅವರು ಯೊಕೊಹಾಮಾ ಕಡೆಯ ಪ್ಲಾಟ್‌ಫಾರಂಗೆ ಇಳಿದರು. ನಾನು ಛತ್ರಿ ಬಿಚ್ಚಿ ರೂಮಿನ ಕಡೆ ನಡೆದೆ. ರಾತ್ರಿ ಮನೆಗೆ ಫೋನ್ ಮಾಡಿದಾಗ ತಂಗಿ ಎಂದಿನಂತೆ "ಹೇಗಿದೀಯೇ?" ಎಂದಳು.

"ಅಷ್ಟೇನೂ ಚೆನ್ನಾಗಿಲ್ಲ ಕಣೇ," ಎಂದೆ.

ಆ ಕಡೆ ಅವಳು ಕುರ್ಚಿ ಎಳೆದುಕೊಂಡು ಕೂತದ್ದು ಕೇಳಿಸಿತು.