ದೇರಪ್ಪನ ಮದ್ದಿನ ಪುಸ್ತಕ

ಕಳೆದ ಮಂಗಳವಾರ ಬೆಳಿಗ್ಗೆ ದೇರಪ್ಪ ತೀರಿಕೊಂಡ. ಐವತ್ತೆರಡು ವರ್ಷ. ಮಡಿಕೇರಿ ಆಸ್ಪತ್ರೆಯಿಂದ ಮನೆಗೆ ಕರೆತಂದು ಹದಿನೆಂಟು ದಿನವಾಗಿತ್ತು.

ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು ಕೆಲಸ ಬಿಟ್ಟು ಊರಿಗೆ ಬಂದದ್ದು ಕೊಡಗು ಮೈಸೂರಿಗೆ ಸೇರಿದ ವರ್ಷ. ಆಗ ನಾವು ಸಣ್ಣ ಬೆಳೆಗಾರರು ಸೇರಿ ಕಾಫಿಗೆ ಮದ್ದು ಹೊಡೆಯುವ ಪಂಪೊಂದನ್ನು ತಂದೆವು. ಮೈಲುತುತ್ತು, ಸುಣ್ಣ ಬೆರೆಸುವ ಕ್ರಮವೆಲ್ಲ ಇಂಗ್ಲಿಷಿನಲ್ಲಿತ್ತು. ದೇರಪ್ಪ ಅದನ್ನು ಕನ್ನಡದಲ್ಲಿ ಒಂದು ನೋಟುಪುಸ್ತಕಕ್ಕೆ ಬರೆದ, ಎಡಪುಟಗಳಲ್ಲಿ ಮಾತ್ರ. ಬಲಪುಟ ಖಾಲಿ; ತಪ್ಪು ಕಂಡವರು, ಹೆಚ್ಚು ತಿಳಿದವರು ಅಲ್ಲಿ ಬರೆಯಬೇಕು. ಪಂಪಿನ ಜೊತೆಗೇ ಪುಸ್ತಕ ಮನೆಯಿಂದ ಮನೆಗೆ ಹೋಗುತ್ತಿತ್ತು. ಬೇಕಾದವರು ನಕಲು ಮಾಡಿಕೊಳ್ಳುತ್ತಿದ್ದರು.

ಮೊದಲ ವರ್ಷವೇ ಕಮಲಳ ತೋಟದಲ್ಲಿ ಎಲೆ ಸುಟ್ಟುಹೋಯಿತು. ಗಂಡನಿಲ್ಲದ ಹೆಂಗಸು, ಪುಸ್ತಕದಲ್ಲಿದ್ದಂತೆಯೇ ಮಾಡಿದ್ದಳು. ಅವಳ ಸುಣ್ಣ ಹಳೆಯದು, ಗಾಳಿ ತಾಗಿ ಸತ್ವ ಹೋದದ್ದು. ಸುಣ್ಣ ಸಾಲದಿದ್ದರೆ ಮದ್ದು ಎಲೆಯನ್ನೇ ಸುಡುತ್ತದೆ. ದೇರಪ್ಪನಾದರೋ ಪ್ರತಿ ಸಲ ಸೊಂಟದ ಕತ್ತಿಯನ್ನು ಮದ್ದಿಗೆ ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕುತ್ತಿದ್ದ. ಕೈಗೆ ಅಷ್ಟು ರೂಢಿಯಾಗಿದ್ದ ಕೆಲಸ, ಬರೆಯಬೇಕೆಂದು ಅವನಿಗೆ ಹೊಳೆದಿರಲಿಲ್ಲ.

ಪುಸ್ತಕವನ್ನು ಒಲೆಗೆ ಹಾಕು ಎಂದರು ಕೆಲವರು. ಅವನೂ ಹಾಗೇ ನಿಶ್ಚಯಿಸಿ, ಅದನ್ನು ಹೇಳಲು ಕಮಲಳ ಮನೆಗೆ ಹೋದ. ನಾನೂ ಜೊತೆಗಿದ್ದೆ.

“ಒಲೆಗೆ ಹಾಕಿರೆ ನನ್ನ ಗಿಡಕ್ಕೆ ಎಲೆ ಬರ್ತದಾ ಅಣ್ಣ?” ಎಂದಳು. “ನಾನು ಬೆರೆಸ್ತೇನೆ. ನೀವು ಬಾಯಿ ಬಿಡದೆ ಕೂತು ನೋಡಿ. ನಾ ತಪ್ಪಿದಲ್ಲೆಲ್ಲ ಬರೀರಿ.”

ಬಾಯಿ ಬಿಡದೆ ಕೂರುವುದು ಅವನಿಗೆ ಬಲು ಕಷ್ಟ. ಆದರೂ ಕೂತ. ಮಧ್ಯಾಹ್ನದೊಳಗೆ ಎರಡು ಬಲಪುಟ ತುಂಬಿದವು.

ಆ ವರ್ಷ ಕಮಲಳಿಗೆ ಬೆಳೆ ಕೈಗೆ ಬರಲಿಲ್ಲ. ಅವನು ಅದನ್ನು ಕೊನೆಯವರೆಗೂ ಮರೆಯಲಿಲ್ಲ. ಮುಂದೆ ಪುಸ್ತಕದ ನಕಲು ಸೋಮವಾರಪೇಟೆಯವರೆಗೂ ಹೋಯಿತು, ಅಲ್ಲಿಂದ ತಿದ್ದುಪಡಿಗಳು ಕಾಗದದಲ್ಲಿ ಬಂದವು. ಬರೆದವರ ಹೆಸರು ಸಮೇತ ಬಲಪುಟಕ್ಕೆ ಸೇರಿಸುತ್ತಿದ್ದ. ಆದರೆ ಕೆಲಸ ಗೊತ್ತಿಲ್ಲದವರ ಕೈಯಲ್ಲಿ ಮಾಡಿಸಿ ನೋಡದೆ ಒಂದು ಸಾಲನ್ನೂ ಎಡಪುಟಕ್ಕೆ ಏರಿಸಲಿಲ್ಲ.

ಹಾಸಿಗೆ ಹಿಡಿದ ಮೇಲೆ, ತಿದ್ದಿ ಬರೆದ ಹೊಸ ಪ್ರತಿಯನ್ನು ಹೆಂಡತಿ ಯಮುನಳಿಂದ ಓದಿಸಿದ. ಅವಳು ಪಂಪನ್ನು ಮುಟ್ಟಿದವಳಲ್ಲ. ಆ ಕೊನೆಯ ಸೋಮವಾರ ಮಧ್ಯಾಹ್ನ ಕಡೆಯ ಪುಟ ಮುಗಿಸಿ ಅವಳು ಹಿಂದಿನ ಪುಟಗಳನ್ನು ಮತ್ತೆ ತಿರುವಿದಳು. ಏನು ಎಂದು ಕಣ್ಣಿನಲ್ಲೇ ಕೇಳಿದ.

“ಮಿಕ್ಕಿದ ಮದ್ದನ್ನ ನಾಳೆಗೆ ಇಟ್ಕೊಳ್ಳಬಹುದಾ? ಇದ್ರಲ್ಲಿ ಹೇಳಿಲ್ಲ.”

ನಾನು ಪುಸ್ತಕ ಹಿಡಿದುಕೊಂಡೆ. ಅವನು ಪೆನ್ಸಿಲ್ ತೆಗೆದುಕೊಂಡು, ಒಂದೊಂದೇ ಅಕ್ಷರವಾಗಿ, ‘ಬೆರೆಸಿದ್ದನ್ನು ಅಂದೇ ಮುಗಿಸಬೇಕು’ ಎಂದು ಬಲಪುಟದಲ್ಲಿ ಬರೆದ. ಪಕ್ಕದಲ್ಲಿ ಯಮುನಳ ಹೆಸರು ಹಾಕಿದ.